ಕೈ ತೊಳೆದು ಮುಟ್ಟಿರಿ

ಕೆಲಸದ ಮಾತು ಬರೆಯಲು ಕುಳಿತಿದ್ದೇನೆ, ಆದರೆ ಮನೆಯ ಸುದ್ದಿ ಮೊದಲು ಹೇಳದಿದ್ದರೆ ಕೈ ಮುಂದೆ ಓಡುವುದಿಲ್ಲ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ನೆಹರು ನಗರದ ದೊಡ್ಡ ದವಾಖಾನೆಯಲ್ಲಿ ಹುಟ್ಟಿದಳು, ಈಗ ಶಿವಬಸವ ನಗರದ ನಮ್ಮ ಮನೆಯ ತೊಟ್ಟಿಲಲ್ಲಿ ಕಾಲು ಒದೆಯುತ್ತಾಳೆ. ಹೆಸರು ಗೌರಿ. ಐದು ತಿಂಗಳು ತುಂಬಿದೆ. ನಕ್ಕರೆ ಒಂದು ಕೆನ್ನೆಗೆ ಮಾತ್ರ ಕುಳಿ ಬೀಳುತ್ತದೆ, ಇನ್ನೊಂದು ಕೆನ್ನೆ ತನಗೇನೂ ಸಂಬಂಧವಿಲ್ಲ ಎಂಬಂತೆ ಸುಮ್ಮನಿರುತ್ತದೆ. ಇದನ್ನು ನಮ್ಮ ಓಣಿಯವರಿಗೆಲ್ಲ ಹೇಳಿಯಾಗಿದೆ, ಹಾಲು ಹಾಕುವವನಿಗೆ ಎರಡು ಸಲ. ಈಗ ನಿಮಗೂ ಹೇಳಿದೆ. ಇನ್ನು ಕೆಲಸಕ್ಕೆ ಬರೋಣ.

ನಾನು ಶಾಂತವ್ವ. ಹುಟ್ಟಿದ್ದು ಕಾಕತಿಯಲ್ಲಿ, ಮದುವೆಯಾಗಿ ಬಂದದ್ದು ಬೆಳಗಾವಿಗೆ. ಪೇಟೆಯ ಒಂದು ಓಣಿಯಲ್ಲಿದ್ದ ಬೈಂಡಿಂಗ್ ಅಂಗಡಿಗೆ ಹೊಸ ಸೊಸೆಯಾಗಿದ್ದಾಗ ಸೇರಿದವಳು, ಮೊಣಕಾಲು ಮಾತು ಕೇಳುವುದನ್ನು ಬಿಟ್ಟ ಮೇಲೆ ಬಿಟ್ಟೆ. ಅಂಗಡಿಯ ಮಾಲೀಕರನ್ನು ನಾವೆಲ್ಲ ಅಣ್ಣಾರು ಎನ್ನುತ್ತಿದ್ದೆವು. ಅವರು ಈಗ ಇಲ್ಲ. ಅವರ ಮಗಳು ಸುಜಾತಾ ಅಂಗಡಿ ನಡೆಸುತ್ತಾಳೆ. ಹೋದ ತಿಂಗಳು ಕೂಸನ್ನು ನೋಡಲು ಬಂದವಳು ಹೋಗುವಾಗ ಒಂದು ಕೆಲಸ ಹಚ್ಚಿಹೋದಳು.

"ಶಾಂತಕ್ಕಾ, ಹೊಸಾ ಹುಡುಗ್ಯಾರು ಮೂರು ಮಂದಿ ಬಂದಾರ. ನೀ ಬಾಯಿಲೆ ಹೇಳಿದ್ದು ಅವರ ತಲಿಯಾಗ ನಿಲ್ಲಂಗಿಲ್ಲ. ಬರದು ಕೊಡು."

"ನಂದು ಮೂರನೇತ್ತಾ ಸಾಲಿ, ಸುಜಾತಾ."

"ಮೂರನೇತ್ತಾದಾಗ ಅಕ್ಷರ ಕಲಿಸಿದ್ರಿಲ್ಲೋ? ಅಷ್ಟ ಸಾಕು."

ಹೀಗಾಗಿ ಬರೆಯುತ್ತಿದ್ದೇನೆ. ಅಕ್ಷರ ದೊಡ್ಡವು, ಒಂದು ಸಾಲಿಗೆ ನಾಲ್ಕೇ ಶಬ್ದ ಹಿಡಿಯುತ್ತವೆ. ತಪ್ಪಿದ್ದನ್ನು ಸೊಸೆ ರೂಪಾ ತಿದ್ದಿಕೊಡುತ್ತಾಳೆ.

ಜನ ಮನೆಯಲ್ಲಿ ತಾವೇ ಮಾಡಿ ಕಟ್ಟಿಸಲು ತರುವ ಪುಸ್ತಕಕ್ಕೆ ನೀವು ಮೂವರೂ ಸ್ಕ್ರ್ಯಾಪ್ ಬುಕ್ ಎನ್ನುತ್ತೀರಿ. ನಮ್ಮ ಅಂಗಡಿಯಲ್ಲಿ "ಹಚ್ಚಿದ ಬುಕ್ಕು" ಎನ್ನುತ್ತಿದ್ದೆವು. ಜನ ಏನನ್ನಾದರೂ ಹಚ್ಚಿಟ್ಟಿರುತ್ತಾರೆ. ಫೋಟೋ, ಒಣಗಿದ ಎಲೆ, ಬಸ್ಸಿನ ಟಿಕೀಟು, ಲಗ್ನಪತ್ರಿಕೆ, ಕೂಸಿನ ಮೊದಲ ಕೂದಲು. ಅಂಗಡಿಯ ಹೊಟ್ಟೆ ತುಂಬುತ್ತಿದ್ದುದು ಕಚೇರಿಗಳ ರಜಿಸ್ಟರುಗಳಿಂದ, ಸಾಲೆಯ ಪುಸ್ತಕಗಳಿಂದ. ಆದರೆ ಹಚ್ಚಿದ ಬುಕ್ಕು ಬಂದ ದಿನ ಅಣ್ಣಾರು ರಜಿಸ್ಟರುಗಳನ್ನು ಬಾಜು ಸರಿಸಿ, ಮೇಜನ್ನು ಒಣ ಅರಿವೆಯಿಂದ ಒರೆಸಿ, ಕನ್ನಡಕ ಏರಿಸಿಕೊಂಡು ಕೂರುತ್ತಿದ್ದರು. ಯಾರೋ ಮನೆಯಲ್ಲಿ ಕುಳಿತು, ತಮ್ಮ ಕೈಯಿಂದ, ಯಾರೂ ಹೇಳದೆ ಮಾಡಿದ್ದು ಅದು. ಇನ್ನೊಂದು ಸಿಗುವುದಿಲ್ಲ. ರಜಿಸ್ಟರು ಕೆಟ್ಟರೆ ಇನ್ನೊಂದು ಕಟ್ಟಬಹುದು.

ಅಣ್ಣಾರಷ್ಟು ದೊಡ್ಡ ಕೆಲಸಗಾರರನ್ನು ನಾನು ನೋಡಿಲ್ಲ. ಉದ್ದ ಆಳು, ಸಣ್ಣ ದನಿ. ಒಂದು ದಿನ ಯಾರಿಗೂ ಬೈದವರಲ್ಲ. ನೀವು ಅಂಟು ದಪ್ಪ ಹಚ್ಚಿದಿರಿ ಅನ್ನಿ, ಬಂದು ನಿಮ್ಮ ಕೈಯಿಂದ ಬ್ರಷ್ ತೆಗೆದುಕೊಳ್ಳುತ್ತಿದ್ದರು. ಬಾಜು ಕುಳಿತು ಒಂದು ಹಾಳೆ ತಾವೇ ಹಚ್ಚುತ್ತಿದ್ದರು. ಆಮೇಲೆ ಬ್ರಷ್ ತಿರುಗಿ ಕೊಟ್ಟು ಎದ್ದು ಹೋಗುತ್ತಿದ್ದರು. ಬೈದಿದ್ದರೆ ಸಂಜೆಗೆ ಮರೆತುಬಿಡುತ್ತಿದ್ದೆ, ಆ ಹಾಳೆಯನ್ನು ಇಂದಿಗೂ ಮರೆತಿಲ್ಲ.

ಅಂಟನ್ನು ಅಂಗಡಿಯಲ್ಲೇ ಕುದಿಸುತ್ತಿದ್ದೆವು. ಮೈದಾ ಹಿಟ್ಟು, ನೀರು, ಹುಳ ಬೀಳಬಾರದೆಂದು ಚಿಟಿಕೆ ಮೈಲುತುತ್ತ. ಒಮ್ಮೆ ಅಣ್ಣಾರೇ ಯಾರೊಡನೆಯೋ ಮಾತಾಡುತ್ತ ಮೈಲುತುತ್ತ ಎರಡೆರಡು ಸಲ ಹಾಕಿ, ಒಂದು ಮದುವೆಯ ಬುಕ್ಕಿನ ಅಂಚೆಲ್ಲ ಗಿಳಿಯ ಬಣ್ಣಕ್ಕೆ ಬಂದಿತ್ತು. ಗಿರಾಕಿ ಬಂದಾಗ ಅವರೇ ಹೊರಗೆ ಹೋಗಿ, "ತಪ್ಪು ನಂದ್ರಿ, ಹುಡುಗ್ಯಾರದಲ್ಲ" ಎಂದರು. ಗಿರಾಕಿ ಪುಣ್ಯಾತ್ಮ, "ಇರಲಿ ಬಿಡ್ರಿ, ಮದಿವಿಗೆ ಹಸಿರು ಛಲೋ" ಎಂದು ನಗುತ್ತ ಒಯ್ದ. ನೀವು ಈಗ ಬಾಟಲಿಯ ಅಂಟು ಬಳಸುತ್ತೀರಿ. ಬಳಸಿರಿ. ಆದರೆ ಬಟ್ಟೆ, ಎಲೆ, ಕೂದಲು ಇದ್ದಲ್ಲಿ ಅಂಟು ಬೇಡ, ದಾರ ಹಾಕಿರಿ. ದಾರವನ್ನು ಬಿಚ್ಚಬಹುದು.

ಸೆಲ್ಲೋ ಟೇಪಿನ ಮಾತು ಬಂದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಹಚ್ಚಿದ ದಿನ ಕಾಣುವುದೇ ಇಲ್ಲ, ಕೆಲವು ವರ್ಷಕ್ಕೆ ಅರಿಷಿಣ ಬಣ್ಣಕ್ಕೆ ತಿರುಗಿ, ಆಮೇಲೆ ಕಂದಾಗಿ, ಕೆಳಗಿನ ಅಕ್ಷರವನ್ನೂ ನುಂಗುತ್ತದೆ. ಒಂದು ಪುಸ್ತಕದಲ್ಲಿ ಹಕ್ಕಿಯ ಗರಿಗಳನ್ನು ಹೀಗೆ ಟೇಪಿನಿಂದ ಹಚ್ಚಿದ್ದರು. ಅಣ್ಣಾರು ಸ್ಟೀಲಿನ ಬಟ್ಟಲಿಗೆ ಬಿಸಿ ನೀರು ಹಾಕಿ, ಅದರ ತಳವನ್ನು ಟೇಪಿನ ಮೇಲೆ ಒಂದಿಷ್ಟು ಹೊತ್ತು ಇಟ್ಟು, ಮೆತ್ತಗಾದಾಗ ಮೂಲೆಯಿಂದ ಎಬ್ಬಿಸಿದರು. ಗರಿಯ ಒಂದು ಎಳೆಯೂ ಮುರಿಯಲಿಲ್ಲ. ಆ ಹೊತ್ತಿನಲ್ಲಿ ಅಂಗಡಿಯಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಗಿರಾಕಿಗಳಲ್ಲಿ ಪರಸಪ್ಪ ಪೈಲ್ವಾನರನ್ನು ನೀವು ನೋಡಬೇಕಿತ್ತು. ವಯಸ್ಸಾಗಿದ್ದರೂ ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುತ್ತಿತ್ತು. ಕುಸ್ತಿ ಗೆದ್ದ ಊರೂರಿನ ಅಖಾಡದ ಕೆಂಪು ಮಣ್ಣನ್ನು ಚಿಟಿಕೆ ಚಿಟಿಕೆ ತಂದು, ಒಂದು ಹಾಳೆಗೆ ಒಂದು ಊರಿನಂತೆ ಅಂಟಿಸಿ, ಕೆಳಗೆ ಊರಿನ ಹೆಸರು ಬರೆದಿದ್ದರು. ಆ ಪುಸ್ತಕವನ್ನು ಎರಡೂ ಕೈಯಲ್ಲಿ ಕೂಸಿನಂತೆ ಹಿಡಿದು ತಂದರು.

"ಅಣ್ಣಾರ, ಹಾಳಿ ತಿರುವಿದ್ರ ಕಾಕತಿ ಉದುರಿ ಖಾನಾಪುರದಾಗ ಬೀಳತೈತ್ರಿ. ಏನರೆ ಮಾಡ್ರಿ."

ಅಣ್ಣಾರು ಎರಡು ದಿನ ಯೋಚಿಸಿದರು. ಆಮೇಲೆ ತೆಳ್ಳನೆಯ ಮಲ್ಮಲ್ ಅರಿವೆಯನ್ನು ನೀರಂಥ ಅಂಟಿನಲ್ಲಿ ಅದ್ದಿ, ಪ್ರತಿ ಚಿಟಿಕೆ ಮಣ್ಣಿನ ಮೇಲೂ ಹಾಸಿದರು. ಒಣಗಿದ ಮೇಲೆ ಅರಿವೆ ಕಾಣಲಿಲ್ಲ, ಮಣ್ಣು ಕಂಡಿತು. ತಾವು ಮಾಡಿದ್ದು ಯಾರಿಗೂ ಕಾಣಬಾರದು ಎಂಬುದು ಅಣ್ಣಾರ ಹಟ. ಪುಸ್ತಕ ಕೊಡುವಾಗ ಮೆಲ್ಲಗೆ ಕೇಳಿದರು, "ಸೋತ ಊರಿನ ಮಣ್ಣು ಎಲ್ಲೈತ್ರಿ, ಪೈಲ್ವಾನ್ರ?"

"ಅದು ಮೈಮ್ಯಾಲ ಬಂತ್ರಿ. ಮನಿಗೆ ಹೋಗಿ ಜಳಕಾ ಮಾಡಿಬಿಟ್ಟೆ."

ಅಣ್ಣಾರಿಗೆ ಎರಡು ರೂಢಿಗಳಿದ್ದವು. ಮುಂದಿನ ಸಂಗತಿ ತಿಳಿಯಬೇಕಾದರೆ ಇವು ನಿಮಗೆ ಗೊತ್ತಿರಬೇಕು. ಒಂದು, ಅಂಗಡಿಯ ಬಾಗಿಲ ಮೇಲೆ ತಾವೇ ಬಣ್ಣದಲ್ಲಿ ಬರೆದ ಹಲಗೆ: "ಮುಟ್ಟಬೇಡಿರಿ". ಹಾಳೆಗೆ ಹುಳಕ್ಕಿಂತ ಮನುಷ್ಯರ ಕೈಯೇ ವೈರಿ ಎನ್ನುತ್ತಿದ್ದರು. ಬೆವರು, ಎಣ್ಣೆ, ಸುಣ್ಣ ಹಚ್ಚಿದ ಬೆರಳು. ಗಿರಾಕಿಗಳಿಗೂ ಅದನ್ನೇ ಹೇಳಿ ಕಳಿಸುತ್ತಿದ್ದರು, ಪುಸ್ತಕ ಕಟ್ಟಿಕೊಟ್ಟೇವಿ, ಇನ್ನು ಮುಟ್ಟಾಕ ಹೋಗಬ್ಯಾಡ್ರಿ ಎಂದು. ಇನ್ನೊಂದು, ಹಚ್ಚಿದ ಬುಕ್ಕು ಬಂದರೆ ಮೊದಲು ಅದರ ಮನೆ ನೋಡಿ ಬರಬೇಕು. ಯಾವ ಗೋಡೆಯ ಗೂಡಿನಲ್ಲಿ ಇಡುತ್ತಾರೆ, ಆ ಗೋಡೆ ಮಳೆಗೆ ತೊಯ್ಯುತ್ತದೆಯೇ, ಬಾಜು ಒಲೆ ಇದೆಯೇ, ಇಲಿ ಓಡಾಡುತ್ತದೆಯೇ, ಎಲ್ಲ ನೋಡಿದ ಮೇಲೆಯೇ ದಾರಕ್ಕೆ ಕೈ.

"ಹುಡುಗಿ ಕೊಡೂ ಮುಂದ ಮನಿ ನೋಡಾಂಗಿಲ್ಲೇನ್ರಿ? ಹಂಗ ಇದೂ" ಎನ್ನುತ್ತಿದ್ದರು.

ಹೀಗಿರುವಾಗ ಅಂಗಡಿಗೆ ಲ್ಯಾಮಿನೇಶನ್ ಮಷಿನ್ ಬಂತು. ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಮೊದಲು ಸುಜಾತಾಳ ಸಾಲೆಯ ಪ್ರಮಾಣಪತ್ರ ಹಾಕಿ ತೆಗೆದೆವು. ಕನ್ನಡಿಯಂತೆ ಹೊಳೆಯುತ್ತ ಹೊರಗೆ ಬಂತು. ಅಣ್ಣಾರು ಅದರ ಮೇಲೆ ನೀರು ಚಿಮುಕಿಸಿ, ಒರೆಸಿ, ನಮಗೆಲ್ಲ ತೋರಿಸಿದರು. "ಇನ್ನ ಹುಳದ ಚಿಂತಿ ಹೋತು, ಮಳಿ ಚಿಂತಿ ಹೋತು." ಅಷ್ಟು ಖುಷಿಯಾಗಿ ಅವರನ್ನು ನಾನು ಮೊದಲು ಕಂಡಿರಲಿಲ್ಲ. ವರ್ಷಗಟ್ಟಲೆ ಹುಳದೊಡನೆ ಜಗಳವಾಡಿದವರು, ಗೆದ್ದೆವು ಎಂದುಕೊಂಡರು.

ಆ ಮಳೆಗಾಲದಲ್ಲೇ ಖಾನಾಪುರದಿಂದ ವಿಠ್ಠಲ ಬಂದ. ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವನು, ನಲವತ್ತರ ಆಸುಪಾಸು, ಅಂಗಿಯ ಮೇಲೆ ಯಾವಾಗಲೂ ಕೆಂಪು ಧೂಳು. ಗೊಬ್ಬರದ ಚೀಲದಲ್ಲಿ ಸುತ್ತಿ ನಾಲ್ಕು ಹಾಳೆ ತಂದಿದ್ದ. ಚೀಲ ಬಿಚ್ಚಿದಾಗ ನಾವೆಲ್ಲ ಕೆಲಸ ಬಿಟ್ಟು ಸುತ್ತ ನಿಂತೆವು.

ಹಾಳೆ ಎಂದೆನಲ್ಲ, ಸೀರೆ ಅಂಗಡಿಯ ತೆಳು ರಟ್ಟು ಅವು. ಅದರ ಮೇಲೆ ಕೌದಿ ಹೊಲಿದಂತೆ ಅರಿವೆಯ ತುಂಡು ಹೊಲಿದಿದ್ದರು. ಒಂದು ಹಾಳೆಗೆ ಒಂದು ಮಗು. ಆ ಮಗುವಿನ ತಲೆಗೆ ಕಟ್ಟಿ ಬೆನ್ನಿಗೆ ಇಳಿಬಿಡುವ ಕುಂಚಿಗೆಯ ಖಣದ ಅರಿವೆಯ ತುಂಡು ಮಧ್ಯದಲ್ಲಿ, ಅದರ ಸುತ್ತ ಮೊದಲ ಉಡದಾರ, ತೊಟ್ಟಿಲಿಗೆ ಕಟ್ಟಿದ ದಾರದ ಗಂಟು, ಸಾಲೆಗೆ ಹೋದ ವರ್ಷದ ಅಂಗಿಯ ಗುಂಡಿ, ಸಣ್ಣ ಸಣ್ಣ ಬಳೆಚೂರುಗಳ ಸಾಲು. ಸುತ್ತಲೂ ಇರುವೆ ಸಾಲಿನಂಥ ಸಣ್ಣ ಹೊಲಿಗೆ. ಒಂದು ಮೂಲೆಯಲ್ಲಿ ಮಾತ್ರ ಅರಿವೆ ಮಡಚಿ ಹೊಲಿದ ಪುಟ್ಟ ಚೀಲ. ನಾಲ್ಕೂ ಹಾಳೆಗೆ ಆ ಮೂಲೆಯಲ್ಲೇ ಹುಳ ಬಿದ್ದು, ಹಿಟ್ಟು ಹಿಟ್ಟಾಗಿ, ಅಲ್ಲಿಂದ ಒಳಗೆ ಕೊರೆಯುತ್ತ ಬಂದಿದ್ದವು. ಚೀಲದಲ್ಲಿ ಹತ್ತಿ ಇದ್ದಿರಬೇಕು ಎಂದುಕೊಂಡೆವು.

"ನಮ್ಮವ್ವ ಮಾಡ್ಯಾಳ್ರಿ" ಎಂದ ವಿಠ್ಠಲ. "ನಾವು ನಾಕ ಮಕ್ಕಳು, ನಾಕ ಹಾಳಿ. ಮಳಿಗಾಲ ಬಂತಂದ್ರ ಹುಳ ಬೀಳತಾವು. ಆಕಿ ದಿನಾ ತಗದು ಹಿಡಕೊಂಡ ಕುಂದರತಾಳ, ಇವು ಹ್ವಾದ್ರ ಆಕಿನ್ನ ಸಮಾಧಾನ ಮಾಡೂದು ಆಗಂಗಿಲ್ಲ. ನಿಮ್ಮ ಪ್ಲಾಸ್ಟಿಕ್‌ನ್ಯಾಗ ಹಾಕಿಕೊಡ್ರಿ."

"ಯಾವುದು ಮೊದಲ ಹಾಕೂಣು?"

"ನಂದ ಹಾಕ್ರಿ. ಕೆಟ್ಟರ ನಂದ ಕೆಡಲಿ, ಇಲ್ಲಾಂದ್ರ ತಂಗ್ಯಾರು ಮನಿಗೆ ಬರಗೊಡಂಗಿಲ್ಲ."

ಆ ಸಲ ಮಾತ್ರ ಅಣ್ಣಾರು ಮನೆ ನೋಡುವ ಮೊದಲೇ ಕೆಲಸಕ್ಕೆ ಕೈ ಹಾಕಿದರು. ಹೊಸ ಮಷಿನ್ನಿನ ಹುಮ್ಮಸ್ಸು. ವಿಠ್ಠಲನ ಹಾಳೆ ಒಳಗೆ ಹೋಗುವಾಗ ಬಳೆಚೂರು ಕಟಕಟ ಮುರಿದದ್ದು ಕೇಳಿಸಿತು. ಅಣ್ಣಾರ ಮುಖ ಒಂದು ಕ್ಷಣ ಬಿಗಿಯಾಯಿತು. ಆದರೆ ಹೊರಗೆ ಬಂದ ಹಾಳೆ ಹೊಳೆಯುತ್ತಿತ್ತು, ಖಣದ ಕೆಂಪು ಹೊಸದರಂತೆ ಕಾಣುತ್ತಿತ್ತು. ವಿಠ್ಠಲನಿಗೆ ಬಹಳ ಸೇರಿತು. ಅಣ್ಣಾರು ಉಳಿದ ಮೂರನ್ನು ಮಷಿನ್ನಿಗೆ ಕೊಡಲಿಲ್ಲ. "ಇದನ್ನ ನಿಮ್ಮವ್ವಾರು ನೋಡಲಿ. ರವಿವಾರ ನಾವ ತರತೀವಿ" ಎಂದರು.

ಹೆಂಗಸರ ವಸ್ತು ಇರುವ ಮನೆಗೆ ಹೋಗುವಾಗ ಅಣ್ಣಾರು ನಮ್ಮಲ್ಲೊಬ್ಬಳನ್ನು ಕರೆದೊಯ್ಯುತ್ತಿದ್ದರು. ಆ ರವಿವಾರ ನಾನು ಹೋದೆ. ಖಾನಾಪುರದ ಮಳೆ ನಿಮಗೆ ಗೊತ್ತು, ಬಸ್ಸಿಳಿದು ಮನೆ ಮುಟ್ಟುವುದರೊಳಗೆ ಕೊಡೆ ಇದ್ದೂ ತೊಯ್ದೆವು. ಹಾಳೆಗಳು ಮಾತ್ರ ಅಣ್ಣಾರ ಎದೆಗವಚಿಕೊಂಡು ಒಣಗೇ ಇದ್ದವು.

ಒಳಗೆ ಗೋಡೆಗೆ ಒರಗಿ, ಕೌದಿಯ ಮೇಲೆ, ಬಿಳಿ ಕೂದಲಿನ ಸಣ್ಣ ಮುದುಕಿಯೊಬ್ಬರು ಕುಳಿತಿದ್ದರು. ವಿಠ್ಠಲನ ತಾಯಿ, ಸುಭದ್ರಾಬಾಯಿ.

"ಬೆಳಗಾವಿಯವರು ಬಂದ್ರೇನ? ಬರ್ರಿ, ಕುಂದರ್ರಿ. ಮಳೀನ್ನ ಜೋಡಿ ಕರಕೊಂಡ ಬಂದೀರಿ" ಎಂದು ನಮ್ಮ ಕಡೆ ಅಲ್ಲದ ಒಂದು ಕಡೆ ಮುಖ ಮಾಡಿ ನಕ್ಕರು.

ಆಗ ತಿಳಿಯಿತು ನಮಗೆ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ.

ಅಣ್ಣಾರು ವಿಠ್ಠಲನನ್ನು ನೋಡಿದರು. "ಹೇಳಬಾರದೇನೋ, ತಮ್ಮಾ?"

"ನೀವು ಕೇಳಲಿಲ್ರಿ" ಎಂದ ಅವನು. ಖರೇ ಹೇಳಬೇಕೆಂದರೆ ಅವನಿಗೆ ಅದು ಹೇಳುವಂಥ ಸಂಗತಿ ಅನಿಸಿರಲಿಲ್ಲ. ಅವ್ವನ ಕಣ್ಣು ಹೋಗಿ ವರ್ಷಗಳೇ ಆಗಿದ್ದವು, ಮನೆಯವರಿಗೆಲ್ಲ ರೂಢಿಯಾಗಿತ್ತು.

ಹೊಳೆಯುವ ಹಾಳೆಯನ್ನು ಸುಭದ್ರಾಬಾಯಿಯ ತೊಡೆಯ ಮೇಲೆ ಇಟ್ಟೆವು. ಅವರ ಎರಡೂ ಕೈ ಅದರ ಮೇಲೆ ಬಂದವು. ಮೇಲಿಂದ ಕೆಳಗೆ ಹೋದವು, ಬಲದಿಂದ ಎಡಕ್ಕೆ ಹೋದವು, ತಿರುಗಿ ನಡುವೆ ಬಂದು ನಿಂತವು.

"ಇದು ಏನು?"

"ನನ್ನ ಹಾಳಿ, ಅವ್ವಾ" ಎಂದ ವಿಠ್ಠಲ.

"ಇದರಾಗ ವಿಠ್ಠಲ ಎಲ್ಲಿ?"

"ಇಲ್ಲೇ ಅದೀನಲ್ಲ, ನಿನ್ನ ಬಾಜೂಕ."

"ನೀ ಅದೀ. ಹಾಳಿಯಾಗ ಇಲ್ಲ." ಮತ್ತೊಮ್ಮೆ ಅಂಗೈ ಆಡಿಸಿದರು. "ಇದು ತಾಟು ಇದ್ದಂಗ ಐತಿ. ನನ್ನ ವಿಠ್ಠಲನ್ನ ಎಲ್ಲಿ ಹಾಕಿದ್ರಿ?"

ಮಳೆ ಹಂಚಿನ ಮೇಲೆ ಬೀಳುತ್ತಿತ್ತು. ಅಣ್ಣಾರು ಸದ್ದಿಲ್ಲದೆ ಇನ್ನೊಂದು ಹಾಳೆಯನ್ನು, ಮಷಿನ್ನಿಗೆ ಹೋಗದೆ ಉಳಿದಿದ್ದನ್ನು, ಅವರ ಕೈಗೆ ಕೊಟ್ಟರು. ಆ ಮುಖ ಅರಳಿದ್ದನ್ನು ಹೇಗೆ ಬರೆಯಲಿ. ನಮ್ಮ ಗೌರಿಗೆ ತಾಯಿಯ ದನಿ ಕೇಳಿದಾಗ ಹಾಗೆ ಆಗುತ್ತದೆ.

"ಹಾಂ, ಇಕಿ ಸುಮನ್. ಇದು ಆಕಿ ಕುಂಚಿಗಿ, ನಮ್ಮ ತವರಮನಿಯವರು ತಂದಿದ್ದು, ಖಣದ ಅಂಚು ಒರಟು, ಅದಕ್ಕ ಆಕಿ ಅಳತಿದ್ಲು. ಇದು ಗುಂಡಿ, ಸಾಲಿಗೆ ಹೋಗೂ ದಿನಾ ಕಿತಗೊಂಡಿದ್ಲು. ಬಳಿ ನೋಡ್ರಿ, ಜಾತ್ರಿಯೊಳಗ ಇಟ್ಟದ್ದು, ಮನಿ ಮುಟ್ಟೂದರೊಳಗ ಒಡಕೊಂಡ್ಲು. ಬಡದೆ ನಾ ಆಕಿನ್ನ. ಬಡದು ಆಮ್ಯಾಲ ಚೂರು ಆರಿಸಿ ಇಟ್ಟೆ."

ಬೆರಳು ಒಂದು ಗಂಟಿನಿಂದ ಇನ್ನೊಂದು ಗಂಟಿಗೆ ಹೋಗುತ್ತಿತ್ತು, ಮಾತು ಅದರ ಹಿಂದೆ ಹೋಗುತ್ತಿತ್ತು. ಬಳೆಯ ಚೂರುಗಳ ಚೂಪನ್ನು ಕಲ್ಲಿಗೆ ತಿಕ್ಕಿ ಮೊಂಡು ಮಾಡಿದ್ದರು, ಕೈಗೆ ಚುಚ್ಚದಂತೆ. ಎಷ್ಟು ಪುಸ್ತಕ ಕಟ್ಟಿದ್ದೆ ನಾನು ಅಷ್ಟೊತ್ತಿಗೆ. ಹೀಗೆ ಒಂದು ಹಾಳೆ ಮನುಷ್ಯರನ್ನು ಮಾತಾಡಿಸುವುದನ್ನು ಅಂದೇ ಕಂಡದ್ದು.

ಕೊನೆಗೆ ಬೆರಳು ಮೂಲೆಯ ಚೀಲಕ್ಕೆ ಬಂತು. ಹಿಚುಕಿ ನೋಡಿದರು. "ಇದು ಖಾಲಿ ಆಗೇತಿ. ಏ, ಒಂದ ಚೂರು ರೊಟ್ಟಿ ತಾರವಾ" ಎಂದು ಸೊಸೆಯನ್ನು ಕೂಗಿದರು.

ಸೊಸೆ ಒಣ ರೊಟ್ಟಿಯ ಚೂರು ತಂದು ಕೊಟ್ಟಳು. ಸುಭದ್ರಾಬಾಯಿ ಅದನ್ನು ಚೀಲದೊಳಗೆ ತುರುಕಿ, ಬಾಯಿ ಮಡಚಿದರು.

ಕೌದಿ ಹೊಲಿದು ಮುಗಿಸುವಾಗ ಅದರ ಮೂಲೆಯಲ್ಲಿ ಒಂದು ಚೂರು ರೊಟ್ಟಿಯೋ ಹೋಳಿಗೆಯೋ ಇಟ್ಟು ಹೊಲಿಯುವುದು ನಮ್ಮ ಕಾಕತಿಯಲ್ಲೂ ಇತ್ತು. ಹೊದ್ದವರ ಹೊಟ್ಟೆ ತುಂಬಿರಬೇಕಾದರೆ ಕೌದಿಯ ಹೊಟ್ಟೆ ಮೊದಲು ತುಂಬಬೇಕು ಎಂದು. ಆದರೆ ಅದು ಒಂದೇ ಸಲ. ಇವರು ಹಾಳೆಗಳಿಗೆ ವರ್ಷ ವರ್ಷ ಉಣಿಸುತ್ತಿದ್ದರು.

ಅಣ್ಣಾರು ತಲೆಯ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಅವರಿಗೆ ನಗು ಬಂತು. "ಯವ್ವಾ, ಹುಳ ಎಲ್ಲಿಂದ ಬರತಾವಂತ ನಾವು ಹುಡುಕಾಕತ್ತೀವಿ. ನೀವು ನೋಡಿದ್ರ ಊಟಕ್ಕ ಕರದು ಕುಂದರಿಸೀರಿ."

"ಮತ್ತ ನನ್ನ ಮಕ್ಕಳು ಉಪಾಸ ಇರಬೇಕೇನ್ರಿ?"

"ರೊಟ್ಟಿ ಇಟ್ರ ಇನ್ನ ಕೆಲವು ಮಳಿಗಾಲಕ್ಕ ಇವು ಉಳಿಯಂಗಿಲ್ರಿ. ದಿನಾ ಕೈ ಆಡಿಸಿದ್ರೂ ಸವೀತಾವು."

"ಕೈ ಆಡಿಸದಿದ್ರ ಅವು ಇದ್ದು ನನಗೇನ?" ಎಂದರು ಸುಭದ್ರಾಬಾಯಿ. ಸಿಟ್ಟಿನಿಂದಲ್ಲ, ತಿಳಿಯದ ಹುಡುಗನಿಗೆ ಹೇಳುವಂತೆ. "ನನಗ ಮಕ್ಕಳ ಮಾರಿ ಕಾಣಂಗಿಲ್ಲ. ಇವನ ನನ್ನ ಮಕ್ಕಳ ಮಾರಿ."

ಸೊಸೆ ತಂದಿಟ್ಟ ಚಹಾ ಅಣ್ಣಾರ ಮುಂದೆ ಆರಿ ಕೆನೆಗಟ್ಟಿತು. ಮುಟ್ಟಬೇಡಿರಿ ಎಂದು ಇಷ್ಟು ವರ್ಷ ಹೇಳಿದವರು. ಕಡೆಗೆ ತಲೆಯೆತ್ತಿ, ಒಬ್ಬ ಬೈಂಡರು ಇನ್ನೊಬ್ಬ ಬೈಂಡರನ್ನು ಕೇಳುವ ಹಾಗೆ ಕೇಳಿದರು.

"ಯವ್ವಾ, ಹುಳ ತಿನ್ನಲಾರದಂಥಾ ಊಟ ಯಾವುದರೆ ಐತೇನ್ರಿ? ನಿಮ್ಮ ಮಕ್ಕಳ ಹೊಟ್ಟಿನೂ ತುಂಬಬೇಕು, ಹಾಳಿನೂ ಉಳೀಬೇಕು."

ಸುಭದ್ರಾಬಾಯಿ ಬೆರಳಿನಿಂದ ಮೂಲೆಯನ್ನು ತಟ್ಟುತ್ತ ಯೋಚಿಸಿದರು. "ಯುಗಾದಿಗೆ ನಾವು ಬೇವು ತಿನ್ನಂಗಿಲ್ಲೇನು? ಬೇವು ಊಟನ. ಅದನ್ನ ಇಡತೀನಿ."

"ಬೆಲ್ಲ, ಅವ್ವಾ?" ಎಂದು ವಿಠ್ಠಲ ಕೇಳಿದ.

"ಬೆಲ್ಲ ನಾ ತಿಂತೀನಿ."

ಅಣ್ಣಾರು ಕೈ ಮುಗಿದರು. ಅವರಿಗೆ ಕಾಣುವುದಿಲ್ಲ ಎಂದು ಗೊತ್ತಿದ್ದೂ ಮುಗಿದರು. ವರ್ಷ ವರ್ಷ ಒಣಗಿದ ಬೇವಿನೆಲೆ ಬದಲಿಸುವುದು ಎಂದು ಅಲ್ಲೇ ತೀರ್ಮಾನವಾಯಿತು.

ಇನ್ನು ಉಳಿದದ್ದು ವಿಠ್ಠಲನ ಹಾಳೆ. ಪ್ಲಾಸ್ಟಿಕ್ಕು ಒಮ್ಮೆ ಕಚ್ಚಿಕೊಂಡರೆ ಬಿಡುವುದಿಲ್ಲ, ಎಬ್ಬಿಸಲು ಹೋದರೆ ಖಣವೇ ಎದ್ದು ಬರುತ್ತದೆ. ಅಣ್ಣಾರು ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ನಾಲ್ಕು ಮಕ್ಕಳಲ್ಲಿ ಒಬ್ಬ ಕೈತಪ್ಪಿ ಹೋದ ಹಾಗಾಯಿತು. ಸುಭದ್ರಾಬಾಯಿ ನನ್ನ ಕಡೆ ತಿರುಗಿ, "ಹುಡುಗಿ, ನಿನಗ ಸೂಜಿಗೆ ದಾರ ಪೋಣಿಸಾಕ ಬರತೈತೇನು?" ಎಂದು ಕೇಳಿದರು.

"ಬರತೈತ್ರಿ."

"ಹಂಗಾರ ಆತು. ಮತ್ತೊಂದು ಮಾಡತೀನಿ. ಆದ್ರ ಅವನ ಕುಂಚಿಗಿ ತುಂಡು ಬೇಕು, ಬ್ಯಾರೆ ಅರಿವಿ ಇಟ್ರ ಅವ ಬರಂಗಿಲ್ಲ."

ಕುಂಚಿಗೆಯ ಉಳಿದ ಖಣವನ್ನು ಅವರು ಎಂದೋ ಒಂದು ಕೌದಿಗೆ ಹಾಕಿ ಹೊಲಿದಿದ್ದರು. ಯಾವ ಕೌದಿ, ಯಾವ ಜಾಗ, ಕಣ್ಣಿದ್ದವರಿಗೂ ಹೇಳಲಾಗದು. ಎಷ್ಟೋ ಸಲ ಒಗೆದು ಎಲ್ಲ ತುಂಡೂ ಒಂದೇ ಬಣ್ಣಕ್ಕೆ ಬಂದಿದ್ದವು. ಮುಂದಿನ ರವಿವಾರ ನಾನೊಬ್ಬಳೇ ಹೋದೆ. ಮನೆಯ ಕೌದಿಗಳನ್ನೆಲ್ಲ ಅವರ ಮುಂದೆ ಹಾಸಿದೆವು. ಅವರು ಮೊಣಕಾಲೂರಿ, ಒಂದೊಂದು ತುಂಡಿನ ಮೇಲೂ ಬೆರಳಾಡಿಸುತ್ತ ಸರಿದರು. ಇದು ಅತ್ತಿಯ ಸೀರಿ. ಇದು ನಮ್ಮ ಯಜಮಾನರ ಅಂಗಿ. ಇದು ಯಾರದೋ, ಬಾಜೂ ಮನಿಯವರು ಕೊಟ್ಟದ್ದು. ಮೂರನೆಯ ಕೌದಿಯ ಕಾಲಿನ ಕಡೆ ಕೈ ನಿಂತಿತು.

ಅವರು ನನ್ನ ಬೆರಳು ಹಿಡಿದು ಅಲ್ಲಿ ಇಟ್ಟರು. ಮಾಸಿದ ಅರಿವೆಯ ನಡುವೆ ಖಣದ ಅಂಚಿನ ಸಣ್ಣ ಸಣ್ಣ ಉಬ್ಬು. ನನ್ನ ಬೆರಳಿಗೆ ಮೊದಲು ಏನೂ ಹತ್ತಲಿಲ್ಲ. ಕಣ್ಣು ಮುಚ್ಚಿದ ಮೇಲೆ ಹತ್ತಿತು.

ಆ ತುಂಡು ಬಿಚ್ಚಿ ತೆಗೆದು, ಆ ಜಾಗಕ್ಕೆ ನನ್ನ ಹತ್ತಿರ ಏನಿದೆ ಎಂದು ಕೇಳಿ, ನನ್ನ ಸೆರಗಿನ ತುದಿಯ ಒಂದು ಚೂರು ಕತ್ತರಿಸಿಕೊಂಡು ಹೊಲಿದರು. ಕೌದಿಯನ್ನು ಬರಿಮೈ ಬಿಡಬಾರದಂತೆ. ಆ ಮನೆಯ ಕೌದಿಯಲ್ಲಿ ನಾನೂ ಇದ್ದೇನೆ.

ಮಳೆಗಾಲ ಮುಗಿಯುವವರೆಗೆ ರವಿವಾರ ಬಂತೆಂದರೆ ಖಾನಾಪುರದ ಬಸ್ಸು ಹತ್ತುತ್ತಿದ್ದೆ. ನಾನು ಪೋಣಿಸಿಕೊಡುತ್ತಿದ್ದೆ, ಅವರು ಹೊಲಿಯುತ್ತಿದ್ದರು. ಎಡಗೈ ಹೆಬ್ಬೆರಳಿನ ಉಗುರನ್ನು ಹಿಂದಿನ ಹೊಲಿಗೆಯ ಮೇಲೆ ಇಟ್ಟು, ಅದರ ಅಳತೆಗೆ ಮುಂದಿನದು. ವಿಠ್ಠಲನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. ನಡುನಡುವೆ ಸೂಜಿ ಬಿಟ್ಟು ಅವನ ಮುಖ ಮುಟ್ಟಿ ನೋಡುತ್ತಿದ್ದರು. "ಮೀಸಿ ಯಾಕ ಬಿಟ್ಟೀಯೋ, ನಿಮ್ಮಪ್ಪಗೂ ಒಪ್ಪತಿದ್ದಿಲ್ಲ" ಎಂದು ಬೈಯುತ್ತಿದ್ದರು. ಹಳೆಯ ಉಡದಾರ ಸಿಗಲಿಲ್ಲ, ಗುಂಡಿ ಸಿಗಲಿಲ್ಲ. ಅದಕ್ಕೆ ಬದಲು ಅವನ ಕಾರ್ಖಾನೆಯ ಅಂಗಿಯ ಜೇಬು ಕತ್ತರಿಸಿ, ಹಂಚಿನ ಧೂಳಿನ ಸಹಿತ ಹೊಲಿದರು. ಬಳೆಚೂರು ಸೊಸೆಯವು.

ಮುಗಿದ ದಿನ ಅಣ್ಣಾರೂ ಬಂದಿದ್ದರು. ಮೂಲೆಗೆ ಬೇವಿನೆಲೆ ಇಟ್ಟು ಕೊನೆಯ ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದು, ಸುಭದ್ರಾಬಾಯಿ ಹಾಳೆಯನ್ನು ತೊಡೆಯ ಮೇಲೆ ಸರಿಮಾಡಿಕೊಂಡರು. ಎರಡೂ ಅಂಗೈ ಮೇಲಿಂದ ಇಳಿದವು. ಖಣದ ಅಂಚಿಗೆ ಬಂದು ನಿಂತವು.

"ಹಾಂ. ಬಂದ."

ಆಮೇಲೆ ಹಾಳೆಗೇ ಕೇಳಿದರು, "ಎಲ್ಲಿ ಹೋಗಿದ್ದೆಪಾ ಇಷ್ಟ ದಿನ?"

ವಿಠ್ಠಲ ಕಣ್ಣೊಳಗೆ ಹಂಚಿನ ಧೂಳು ಬಿದ್ದಿದೆ ಎಂದು ಹೊರಗೆ ಎದ್ದು ಹೋದ. ಅಂದು ಕಾರ್ಖಾನೆಗೆ ಸೂಟಿ ಇತ್ತು.

ಅಣ್ಣಾರು ಆ ನಾಲ್ಕು ಹಾಳೆಗೆ ಕಟ್ಟಿದ ಪುಸ್ತಕದಂಥದ್ದು ಮತ್ತೆ ನಮ್ಮ ಅಂಗಡಿಯಲ್ಲಿ ಆಗಲಿಲ್ಲ. ಒಂದೊಂದು ಹಾಳೆಯ ಸುತ್ತಲೂ ಕಿಟಕಿಯ ಚೌಕಟ್ಟಿನಂತೆ ದಪ್ಪ ರಟ್ಟು, ಗುಂಡಿ ಬಳೆಗಳಿಗಿಂತ ಒಂದು ಕೂದಲು ಎತ್ತರ, ಒಂದು ಹಾಳೆ ಇನ್ನೊಂದನ್ನು ತಿಕ್ಕದಂತೆ. ಒಂದು ಹನಿ ಅಂಟಿಲ್ಲ, ಎಲ್ಲ ದಾರ, ಅದೂ ಸುಭದ್ರಾಬಾಯಿ ಮಾಡಿದ್ದ ಹಳೆಯ ತೂತುಗಳಲ್ಲೇ. ತೆರೆದರೆ ನೆಲದ ಮೇಲೆ ಚಪ್ಪಟೆಯಾಗಿ ಮಲಗಬೇಕು, ಹಿಡಿದಿಡಲು ಇನ್ನೊಂದು ಕೈ ಬೇಡ, ಎರಡೂ ಕೈ ಓದಲು ಬೇಕು. ಚೌಕಟ್ಟಿನ ನಡುವೆ ಏನನ್ನೂ ಮುಚ್ಚಲಿಲ್ಲ. ಪ್ಲಾಸ್ಟಿಕ್ಕಿನ ಹಾಳೆಯನ್ನು ವಿಠ್ಠಲ ಗೋಡೆಗೆ ತೂಗುಹಾಕಿದ. "ಕಣ್ಣಿದ್ದವರು ಅದನ್ನ ನೋಡ್ಕೋಲಿ" ಎಂದು ಅವ್ವನ ಅಪ್ಪಣೆಯಾಯಿತು.

ಬೆಳಗಾವಿಗೆ ಬಂದ ಮರುದಿನ ಅಣ್ಣಾರು ಬಾಗಿಲ ಮೇಲಿನ ಹಲಗೆಯನ್ನು ಇಳಿಸಿದರು. ಕೆರೆದು, ಹೊಸ ಬಣ್ಣ ಬಳಿದು, ಒಣಗಿದ ಮೇಲೆ ತಾವೇ ಬರೆದರು: "ಕೈ ತೊಳೆದು ಮುಟ್ಟಿರಿ". ಬಾಜು ಒಂದು ಬಿಂದಿಗೆ ನೀರು, ಒಂದು ಟವೆಲ್ಲು ಇಡಿಸಿದರು. ನೀವು ದಿನಾ ಒಳಗೆ ಹೋಗುವಾಗ ತಲೆಯ ಮೇಲೆ ಕಾಣುವ ಹಲಗೆ ಅದೇ. ಲ್ಯಾಮಿನೇಶನ್ ಮಷಿನ್ನನ್ನು ಮಾರಲಿಲ್ಲ, ಪ್ರಮಾಣಪತ್ರಗಳಿಗೆ ಅದು ಛಲೋ. ಆದರೆ ಅಂದಿನಿಂದ ಹಚ್ಚಿದ ಬುಕ್ಕು ತಂದವರನ್ನು ಅಣ್ಣಾರು ಮೊದಲು ಕೇಳುತ್ತಿದ್ದುದು ಒಂದೇ ಮಾತು: "ಇದನ್ನ ಯಾರು ನೋಡತಾರ, ಹೆಂಗ ನೋಡತಾರ?" ನೀವೂ ಅದನ್ನೇ ಕೇಳಿರಿ. ಮನೆ ನೋಡಿ ಬನ್ನಿರಿ. ಈಗ ಫೋನಿನಲ್ಲಿ ಫೋಟೋ ಕಳಿಸುತ್ತಾರೆ, ಅದರಲ್ಲಿ ಗೋಡೆ ಕಾಣುತ್ತದೆ, ಮನುಷ್ಯರು ಕಾಣುವುದಿಲ್ಲ.

ಸುಭದ್ರಾಬಾಯಿ ಇರುವವರೆಗೂ ಪ್ರತಿ ಮಳೆಗಾಲದ ಮೊದಲು ವಿಠ್ಠಲ ಪುಸ್ತಕ ತರುತ್ತಿದ್ದ. ಬೇವು ಬದಲಿಸಿ, ಸಡಿಲವಾದ ದಾರ ಬಿಗಿಮಾಡಿ ಕೊಡುತ್ತಿದ್ದೆವು. ಖಣದ ಅಂಚು ಸವೆದಿತ್ತು, ನಿಜ. ಬೆರಳು ಹೋದ ದಾರಿ ಹೊಳೆಯುತ್ತಿತ್ತು. ಹುಳ ಮಾತ್ರ ಮತ್ತೆ ಬೀಳಲಿಲ್ಲ. ಅವ್ವ ಹೋದ ಮೇಲೂ ಅವನು ತರುವುದನ್ನು ಬಿಡಲಿಲ್ಲ. ಈಗ ಅದಕ್ಕೆ ಹಾಳೆ ಹೆಚ್ಚಾಗಿವೆ, ಅವನ ಮಗಳು ತನ್ನ ಕೂಸಿನದನ್ನು ಹೊಲಿದು ಸೇರಿಸಿದ್ದಾಳೆ. ಈ ವರ್ಷ ತಂದರೆ ನೀವೇ ಬೇವು ಬದಲಿಸಬೇಕು. ಕಣ್ಣು ಮುಚ್ಚಿ ಒಮ್ಮೆ ಬೆರಳಾಡಿಸಿ ನೋಡಿರಿ.

ನಾನೂ ಒಂದು ಹಾಳೆ ಹೊಲಿದಿದ್ದೇನೆ. ಯಾರದೆಂದು ಹೇಳಬೇಕಾಗಿಲ್ಲ. ಗೌರಿಯ ಕುಂಚಿಗೆಯ ಖಣ, ತೊಟ್ಟಿಲ ದಾರ, ಅವಳಪ್ಪ ಸಣ್ಣವನಿದ್ದಾಗ ಹಾಕಿದ್ದ ಅಂಗಿಯ ಕಾಲರು, ಮೂಲೆಯಲ್ಲಿ ನಮ್ಮ ಓಣಿಯ ಬೇವಿನೆಲೆ. ನಿನ್ನೆ ಮಧ್ಯಾಹ್ನ ಅದನ್ನು ಅವಳ ಮುಂದೆ ಹಾಸಿದೆ. ಎರಡೂ ಮುಷ್ಟಿಯಲ್ಲಿ ಹಿಡಿದು ಬಾಯಿಗೆ ಎಳೆದುಕೊಂಡಳು.

"ಅತ್ತಿ, ಜೊಲ್ಲು ಹತ್ತತೈತಿ, ಕಸಗೋರ್ರಿ" ಎಂದು ರೂಪಾ ಒಳಗಿನಿಂದ ಓಡಿ ಬಂದಳು. "ಒಂದ ಪ್ಲಾಸ್ಟಿಕ್ ಹಾಕಿಸೂಣು ಅಂದ್ರ ಕೇಳಂಗಿಲ್ಲ ನೀವು."

"ಆಕಿ ಕೈ ತೊಳದೀಯೇನು?"

"ಈಗ ತೊಳದೀನ್ರಿ."

"ಹಂಗಾರ ಬಿಡು."

ಗೌರಿ ಖಣದ ಅಂಚನ್ನು ಬೆರಳಿನಿಂದ ಕೆರೆದಳು. ಅಲ್ಲಿ ಏನೋ ಇದೆ ಎಂದು ಗೊತ್ತಾಗಿ ತಿರುಗಿ ಕೆರೆದಳು. ಒಂದು ಕೆನ್ನೆಗೆ ಕುಳಿ ಬಿತ್ತು. ಜೋರಾಗಿ ಎಳೆದಾಗ ಒಂದು ಹೊಲಿಗೆ ಬಿಚ್ಚಿ ಬಂತು. ನಾನು ಪೆಟ್ಟಿಗೆಯಿಂದ ಸೂಜಿ ತೆಗೆದು, ದಾರ ಪೋಣಿಸಿಕೊಂಡು, ಅವಳು ಆಡಿ ಮುಗಿಸಲಿ ಎಂದು ಬಾಜು ಕುಳಿತೆ.